ಯಾವ ತುಪ್ಪಳ ಹ್ಯಾಟಾಗುತ್ತದೆ, ಯಾವುದು ಆಗುವುದಿಲ್ಲ

ಕುರಿಯ ಉಣ್ಣೆಯ ಒಂದೇ ಒಂದು ಎಳೆ ತಗೊಳ್ಳಿ. ಹೆಬ್ಬೆರಳು, ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು ಬೆರಳುಗಳನ್ನು ಹಿಂದೆ ಮುಂದೆ ಮೆಲ್ಲಗೆ ತಿಕ್ಕಿ. ಎಳೆ ನಿಂತಲ್ಲಿ ನಿಲ್ಲುವುದಿಲ್ಲ. ಹುಳ ತೆವಳಿದಂತೆ ಒಂದೇ ದಿಕ್ಕಿಗೆ ಸರಿಯುತ್ತ ಬೆರಳಿನಿಂದಾಚೆ ಬರುತ್ತದೆ, ಸರಿಯುವುದು ಯಾವಾಗಲೂ ಬುಡದ ಕಡೆಗೇ. ಎಳೆಯ ಮೈಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಪದರಗಳಿವೆ, ಅವುಗಳ ಬಾಯಿ ಎಳೆಯ ತುದಿಯ ಕಡೆಗಿದೆ. ಬುಡದ ಕಡೆ ಜಾರುವುದು ಸಲೀಸು. ತುದಿಯ ಕಡೆ ಜಾರಲು ಹೋದರೆ ಕೊಕ್ಕೆ ಬೀಳುತ್ತದೆ. ಬಿಸಿ, ತೇವ, ಅಲುಗಾಟ ಮೂರೂ ಸೇರಿದಾಗ ಸಾವಿರಾರು ಎಳೆಗಳು ಬುಡ ಮುಂದಾಗಿ ಒಂದರೊಳಗೊಂದು ನುಗ್ಗಿ, ಹಿಂದೆ ಬರಲಾಗದೆ ಜಡೆಗಟ್ಟುತ್ತವೆ. ಅದೇ ಫೆಲ್ಟ್. ಅದರಲ್ಲಿ ನೂಲಿಲ್ಲ, ನೇಯ್ಗೆಯಿಲ್ಲ, ಹೊಲಿಗೆಯಿಲ್ಲ.

ಹ್ಯಾಟಿನ ತುಪ್ಪಳದ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು 'ಯಾವ ಪ್ರಾಣಿ, ಎಷ್ಟು ಅಪರೂಪ' ಎಂದು. ಅಪರೂಪವಾದದ್ದೆಲ್ಲ ಜಡೆಗಟ್ಟುವುದಿಲ್ಲ. ಕೇಳಬೇಕಾದದ್ದು ಮೂರು: ಒಳತುಪ್ಪಳ ಇದೆಯೇ, ಅದು ಎಷ್ಟು ನವಿರು, ಬೆರಳ ನಡುವೆ ತೆವಳುತ್ತದೆಯೇ.

ತುಪ್ಪಳವಿರುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕೂದಲಿರುತ್ತದೆ. ಮೇಲ್ಗೂದಲು ಉದ್ದ, ನೇರ, ಬಿರುಸು; ಮಳೆ ನೀರು ಜಾರಿಸುವುದು, ಬಣ್ಣ ತೋರಿಸುವುದು ಅದರ ಕೆಲಸ. ಅದರ ಬುಡದಲ್ಲಿ ಹತ್ತಿಯಂತೆ ಒತ್ತಾಗಿ ಕೂತ ಒಳತುಪ್ಪಳ ಮೈ ಬೆಚ್ಚಗಿಡುತ್ತದೆ. ಹ್ಯಾಟಿಗೆ ಬೇಕಾದದ್ದು ಒಳತುಪ್ಪಳ ಮಾತ್ರ. ಮೇಲ್ಗೂದಲು ಜಡೆಗಟ್ಟುವುದಿಲ್ಲ, ಎಷ್ಟು ತುಳಿದರೂ ಫೆಲ್ಟಿನಿಂದ ಸೂಜಿಯಂತೆ ಹೊರಗೆ ಇಣುಕುತ್ತದೆ, ಹಣೆಗೆ ಚುಚ್ಚುತ್ತದೆ. ನೂರು ಗ್ರಾಂ ತುಪ್ಪಳದಲ್ಲಿ ಹತ್ತು ಗ್ರಾಂ ಮೇಲ್ಗೂದಲು ಉಳಿದರೂ ಹ್ಯಾಟಿನ ಮೈ ಕೆಟ್ಟಂತೆಯೇ.

ಯುರೋಪಿನವರು ಬೀವರ್ ಎಂಬ ನೀರಪ್ರಾಣಿಯ ಬೆನ್ನು ಹತ್ತಿದ್ದು ಈ ಒಳತುಪ್ಪಳಕ್ಕಾಗಿ. ತಣ್ಣನೆಯ ನೀರಿನಲ್ಲಿ ಬಾಳುವ ಪ್ರಾಣಿಯಾದ್ದರಿಂದ ಅದರ ಒಳತುಪ್ಪಳ ಬಹಳ ದಟ್ಟ, ಬಹಳ ನವಿರು. ನಮ್ಮ ತಲೆಗೂದಲು 60–80 ಮೈಕ್ರಾನ್ ದಪ್ಪವಿದ್ದರೆ ಅದು ಹದಿನೈದರ ಒಳಗೆ. ನೆನೆದರೂ ಆಕಾರ ಬಿಡದ, ಹಗುರವಾದ ಫೆಲ್ಟ್ ಅದರಿಂದ ಬರುತ್ತಿತ್ತು. ಯುರೋಪಿನ ಬೀವರ್ ಮುಗಿಯುತ್ತ ಬಂದಾಗ ಕಣ್ಣು ಬಿದ್ದದ್ದು ಉತ್ತರ ಅಮೆರಿಕದ ಮೇಲೆ. 1670ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಯ ಮುಖ್ಯ ವ್ಯಾಪಾರವೇ ಈ ಚರ್ಮಗಳು. ಆ ವ್ಯಾಪಾರದಲ್ಲಿ ಹೊಸ ಚರ್ಮಕ್ಕಿಂತ ಹಳೆಯದಕ್ಕೆ ಬೆಲೆ ಹೆಚ್ಚಿತ್ತು. ಅಲ್ಲಿನ ಮೂಲನಿವಾಸಿಗಳು ತುಪ್ಪಳ ಒಳಗಿರುವಂತೆ ಹೊದ್ದು ತಿರುಗಾಡಿದ ಚರ್ಮದಲ್ಲಿ ಮೇಲ್ಗೂದಲು ಸವೆದು ಉದುರಿರುತ್ತಿತ್ತು, ಮೈಯ ಜಿಡ್ಡು ಹಿಡಿದು ಒಳತುಪ್ಪಳ ಹದವಾಗಿರುತ್ತಿತ್ತು. ಫ್ರೆಂಚರು ಅದನ್ನು 'ಕಾಸ್ತೋರ್ ಗ್ರಾ', ಜಿಡ್ಡು ಬೀವರ್, ಎಂದು ಬೇರೆಯಾಗಿಯೇ ಎಣಿಸುತ್ತಿದ್ದರು. ಹೊದ್ದವರ ಮೈಯೇ ಕಾರ್ಖಾನೆಯ ಮೊದಲ ಎರಡು ಕೆಲಸ ಮುಗಿಸಿಕೊಟ್ಟಿರುತ್ತಿತ್ತು.

ಮೊಲದ ಕಥೆ ಬೇರೆ. ಅದರ ಒಳತುಪ್ಪಳ ನವಿರೇನೋ ಹೌದು, ಆದರೆ ಎಳೆ ನುಣುಪು, ನೇರ. ಹಾಗೇ ತುಳಿದರೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಹಿಂದೆ ಚರ್ಮದ ಮೇಲಿರುವಾಗಲೇ ತುಪ್ಪಳಕ್ಕೆ ಪಾದರಸದ ನೈಟ್ರೇಟ್ ದ್ರಾವಣ ಬಳಿದು ಒಣಗಿಸುತ್ತಿದ್ದರು. ಎಳೆಯ ತುದಿ ಬಾಗಿ, ಹುರುಪೆ ಎದ್ದು ಒರಟಾಗುತ್ತಿತ್ತು. ತುದಿಗಳು ಗಜ್ಜರಿ ಬಣ್ಣಕ್ಕೆ ತಿರುಗುತ್ತಿದ್ದರಿಂದ ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಗಜ್ಜರಿಯ ಹೆಸರೇ ಬಿತ್ತು. ಮುಂದೆ ಬಿಸಿ ನೀರಿನಲ್ಲಿ ತುಳಿಯುವಾಗ, ಉಗಿಯಲ್ಲಿ ಅಚ್ಚಿಗೆ ಹಾಕುವಾಗ ಪಾದರಸದ ಆವಿ ಕೆಲಸಗಾರರ ಉಸಿರಿಗೆ ಸೇರುತ್ತಿತ್ತು. ಕೈ ನಡುಕ, ಹಲ್ಲು ಉದುರುವುದು, ಜನರ ಮುಖ ನೋಡಲಾರದ ಅಂಜಿಕೆ ಅವರ ಪಾಲಾಯಿತು. ಅಮೆರಿಕದ ಹ್ಯಾಟಿನ ಊರು ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ಊರ ಹೆಸರೇ ಅಂಟಿಕೊಂಡಿತು. ಅಲ್ಲಿ ಪಾದರಸ ನಿಂತದ್ದು 1941ರ ಡಿಸೆಂಬರಿನಲ್ಲಿ. ಈಗಿನ ಕಾರ್ಖಾನೆಗಳಲ್ಲಿ ನೈಟ್ರಿಕ್ ಆ್ಯಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅದೇ ಕೆಲಸ ಮಾಡುತ್ತಾರೆ. ಮನೆಯಲ್ಲಿ ಇವೆರಡನ್ನೂ ಬೆರೆಸುವ ಯೋಚನೆಯೇ ಬೇಡ. ಹಾಗೆಯೇ ಎಲ್ಲಾದರೂ ಹಳೆಯ ಕಾಲದ ವಿಲಾಯತಿ ಹ್ಯಾಟು ಸಿಕ್ಕರೆ ಉಗಿ ಹಿಡಿದು ಸರಿಪಡಿಸಲು ಹೋಗಬೇಡಿ, ಪಾದರಸ ಇನ್ನೂ ಅದರೊಳಗೇ ಇರಬಹುದು.

ಇವತ್ತು ಜಗತ್ತಿನ ತುಪ್ಪಳದ ಹ್ಯಾಟುಗಳಲ್ಲಿ ಹೆಚ್ಚಿನವು ಮೊಲದವೇ. ಆಸ್ಟ್ರೇಲಿಯಾದ ಹೆಸರಾಂತ ಅಕುಬ್ರಾ ಹ್ಯಾಟು ಮೊಲದ ತುಪ್ಪಳದ್ದು. 1859ರಲ್ಲಿ ಬೇಟೆಗೆಂದು ತಂದು ಬಿಟ್ಟ ಮೊಲಗಳು ಆ ದೇಶಕ್ಕೆ ಪಿಡುಗಾದದ್ದರಿಂದ ತುಪ್ಪಳಕ್ಕೆ ಬರವಿರಲಿಲ್ಲ. ದಕ್ಷಿಣ ಅಮೆರಿಕದ ನ್ಯೂಟ್ರಿಯಾ ಎಂಬ ದೊಡ್ಡ ಇಲಿಯಂಥ ನೀರಪ್ರಾಣಿಯ ತುಪ್ಪಳ ಬೀವರಿಗೆ ಹತ್ತಿರದ ಗುಣದ್ದು. ಮಿಂಕ್, ಚಿಂಚಿಲಾ ಎಂಬ ಪುಟ್ಟ ಪ್ರಾಣಿಗಳ ಹೆಸರು ಹೊತ್ತ ಹ್ಯಾಟುಗಳಲ್ಲಿ ಅವುಗಳ ತುಪ್ಪಳ ಬೀವರ್ ಜೊತೆಗಿನ ಬೆರಕೆ. ಮೆದುವಿಗೆ, ಹೊಳಪಿಗೆ ಸೇರಿಸುತ್ತಾರೆ. ಹ್ಯಾಟಿನೊಳಗೆ ಮುದ್ರಿಸುವ 'ಎಕ್ಸ್' ಗುರುತುಗಳನ್ನು ನಂಬಿ ಹಣ ಕೊಡಬೇಡಿ. ಎಷ್ಟು ಎಕ್ಸ್ ಅಂದರೆ ಎಷ್ಟು ಬೀವರ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ನಮ್ಮ ದೇಶದ ಮಟ್ಟಿಗೆ ಮಿಂಕ್, ನರಿ, ಚಿಂಚಿಲಾಗಳ ಹಸಿ ಚರ್ಮದ ಆಮದಿಗೆ 2017ರಿಂದ ನಿಷೇಧವಿದೆ. ಹೊಲದ ಬದುವಿನ ಕಾಡುಮೊಲ, ಹೊಳೆಯ ನೀರುನಾಯಿ, ಟಿಬೆಟ್ ಕಡೆಯ ಚಿರು ಎಂಬ ಹುಲ್ಲೆ ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯುಂಟು. ನಮ್ಮ ಹಾವೇರಿ, ಗದಗ ಜಿಲ್ಲೆಗಳ ಅಂಚಿನಲ್ಲಿ ಹರಿಯುವ ತುಂಗಭದ್ರೆಯಲ್ಲೇ ಮುಂದೆ ಹೊಸಪೇಟೆ–ಕಂಪ್ಲಿ ಕಡೆ ನೀರುನಾಯಿಗಳಿಗೆಂದೇ 2015ರಲ್ಲಿ ಮೀಸಲು ಪ್ರದೇಶ ಮಾಡಿದ್ದಾರೆ. 'ಸತ್ತು ಬಿದ್ದದ್ದು ಸಿಕ್ಕಿತು' ಎಂದು ಯಾರಾದರೂ ಚರ್ಮ ತಂದು ತೋರಿಸಿದರೂ ಮುಟ್ಟಬಾರದು. ಹ್ಯಾಟಿಗಾಗಿ ಪ್ರಾಣಿ ಸಾಯಬೇಕಾಗಿಲ್ಲ. ಬಾಚಿದ, ಕತ್ತರಿಸಿದ ತುಪ್ಪಳದಲ್ಲೇ ಒಳ್ಳೆಯ ಹ್ಯಾಟು ಆಗುತ್ತದೆ.

ಹಾಗಾದರೆ ಹುಬ್ಬಳ್ಳಿ-ಧಾರವಾಡದಲ್ಲಿ ಕೂತವರಿಗೆ ಕೈಗೆಟಕುವುದು ಯಾವುದು? ಮೊದಲನೆಯದು ಡೆಕ್ಕನಿ ಕುರಿಯ ಉಣ್ಣೆ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯ ಕಂಬಳಿ ಹೊದ್ದವರಿಗೆ ಇದರ ಗುಣ ಹೇಳಬೇಕಾಗಿಲ್ಲ: ಬಿರುಸು, ಗಟ್ಟಿ, ಮಳೆಗೆ ಜಗ್ಗದು. ದೊಡ್ಡ ಕುರಿಯ ಉಣ್ಣೆಯಲ್ಲಿ ಕೂದಲಿನಂಥ ದಪ್ಪ ಎಳೆಗಳೇ ಹೆಚ್ಚು, ಅದೊಂದನ್ನೇ ಹ್ಯಾಟು ಮಾಡಿದರೆ ಹಣೆ ಕೆರೆಯುತ್ತದೆ. ಕುರುಬರ ಹತ್ತಿರ ಮರಿಯ ಮೊದಲ ಕತ್ತರಿಯ ಉಣ್ಣೆ ಕೇಳಿ ತಗೊಳ್ಳಿ. ಅದು ನವಿರು, ಕಪ್ಪೂ ಹೆಚ್ಚು. ಜಿಡ್ಡು ಕಡಿಮೆ, ಕಸ ಬಹಳ. ಜಾಲಿಮುಳ್ಳು, ಉತ್ತರಾಣಿ ಬೀಜ ಒಂದೊಂದಾಗಿ ಆರಿಸಿ ತೆಗೆಯದೆ ಹಿಂಜಲು ಕೂಡಬಾರದು.

ಎರಡನೆಯದು ಅಂಗೋರಾ ಮೊಲದ ತುಪ್ಪಳ. ಸುಮಾರು ಮೂರು ತಿಂಗಳಿಗೊಮ್ಮೆ ಕತ್ತರಿಸುತ್ತಾರೆ, ಮೊಲಕ್ಕೆ ನೋವಿಲ್ಲ. ಹಿಮಾಚಲದ ಕುಲ್ಲು ಕಡೆ ಸಾಕುವವರಿದ್ದಾರೆ. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಅಲ್ಲಿನ ಗಾರ್ಸಾದಲ್ಲಿದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಈ ಮೊಲ ಸಾಕಲು ಹೋಗಬೇಡಿ, ಅಷ್ಟು ತುಪ್ಪಳ ಹೊತ್ತ ಜೀವ ಸೆಕೆಗೆ ತಾಳುವುದಿಲ್ಲ. ತುಪ್ಪಳ ತರಿಸಿಕೊಂಡರೆ ಸಾಕು. ಎಳೆ ಐದಾರು ಸೆಂಟಿಮೀಟರ್ ಉದ್ದ ಬಂದರೆ ಕತ್ತರಿಯಿಂದ ಮೂರಕ್ಕೆ ಇಳಿಸಿ, ಉದ್ದ ಬಿಟ್ಟರೆ ಹ್ಯಾಟು ಬೆಕ್ಕಿನ ಮರಿಯಂತೆ ಜೂಲು ಜೂಲಾಗುತ್ತದೆ.

ಮೂರನೆಯದು ನಾಯಿ. ಪಾಮೇರಿಯನ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಸಾಕಿದ ಮನೆಗಳಲ್ಲಿ ಕೂದಲು ಉದುರುವ ಕಾಲಕ್ಕೆ ಚೀಲಗಟ್ಟಲೆ ಒಳತುಪ್ಪಳ ಕಸಕ್ಕೆ ಹೋಗುತ್ತದೆ. ಬಾಚಿದ್ದನ್ನು ಮಾತ್ರ ತಗೊಳ್ಳಿ, ಕತ್ತರಿಸಿದ್ದು ಬೇಡ. ಬಾಚಣಿಕೆಗೆ ಬರುವುದು ಹೆಚ್ಚಾಗಿ ಒಳತುಪ್ಪಳ. ಕತ್ತರಿಗೆ ಮೇಲ್ಗೂದಲೂ ಬರುತ್ತದೆ, ಅದರ ಕತ್ತರಿಸಿದ ತುದಿ ಚುಚ್ಚುತ್ತದೆ. ಉಣ್ಣಿಯ ಔಷಧಿ ಹಾಕಿದ ಮೇಲೆ ಒಂದು ತಿಂಗಳು ಬಿಟ್ಟು ಬಾಚಿ. ನಾಯಿಯ ತುಪ್ಪಳ ಒಂದೇ ಇದ್ದರೆ ಸಡಿಲ ಫೆಲ್ಟ್ ಆಗುತ್ತದೆ, ಅರ್ಧಕ್ಕರ್ಧ ಉಣ್ಣೆ ಬೇಕೇ ಬೇಕು. ಸರಿಯಾಗಿ ಮೂರು ಸಲ ತೊಳೆಯದಿದ್ದರೆ ಮೊದಲ ಮಳೆಗೇ ವಾಸನೆ ಹೇಳುತ್ತದೆ. ನಮ್ಮ ಮುಧೋಳ ನಾಯಿ ಎಷ್ಟೇ ಹೆಮ್ಮೆಯದಾದರೂ ಈ ಕೆಲಸಕ್ಕಿಲ್ಲ. ಅದರದು ಮೈಗಂಟಿದ ಗಿಡ್ಡ ಕೂದಲು. ಎಮ್ಮೆ, ಊರ ಮೇಕೆಗಳ ಕೂದಲೂ ಆಗದು. ಲಡಾಖಿನ ಪಶ್ಮೀನಾ, ಯಾಕ್ ಮತ್ತು ಒಂಟೆಗಳ ಒಳತುಪ್ಪಳ ಚೆನ್ನಾಗಿ ಬರುತ್ತವೆ, ಆದರೆ ಪಶ್ಮೀನಾ ಶಾಲಿಗೆ ಹೋಗುವುದೇ ಸರಿ. ಹ್ಯಾಟಿನ ಉಜ್ಜಾಟದಲ್ಲಿ ಅದರ ಮೆದು ಅರ್ಧ ಸತ್ತುಹೋಗುತ್ತದೆ.

ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ರೋಗದಿಂದ ಸತ್ತ ಕುರಿಯ ಉಣ್ಣೆ ಎಷ್ಟು ಅಗ್ಗಕ್ಕೆ ಸಿಕ್ಕರೂ ತರಬೇಡಿ. ನೆರಡಿ ರೋಗದ (ಆಂಥ್ರಾಕ್ಸ್) ಬೀಜಾಣುಗಳು ಉಣ್ಣೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ, ಹಿಂಜುವಾಗಿನ ದೂಳಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಒಳ್ಳೆಯ ಉಣ್ಣೆಯನ್ನು ಹಿಂಜುವಾಗಲೂ ಮೂಗಿಗೆ ಮಾಸ್ಕ್ ಇರಲಿ, ಫ್ಯಾನ್ ಆರಿಸಿರಲಿ. ಬೇಸಿಗೆಯ ಒಣ ಹವೆಯಲ್ಲಿ ಅಂಗೋರಾ ಕೈಗೆ, ಮುಖಕ್ಕೆ ಅಂಟಿ ಹಾರುತ್ತದೆ. ಒದ್ದೆ ಬಟ್ಟೆಯನ್ನು ಪಕ್ಕದಲ್ಲಿ ಹರವಿ ಕೂತರೆ ಸ್ವಲ್ಪ ಹತೋಟಿಗೆ ಬರುತ್ತದೆ.

ಹ್ಯಾಟಿಗೆ ಕೈ ಹಾಕುವ ಮೊದಲು ತುಂಡು ಮಾಡಿ ನೋಡುವುದನ್ನು ಬಿಡಬೇಡಿ. 20 ಸೆಂಟಿಮೀಟರ್ ಚೌಕಕ್ಕೆ 14 ಗ್ರಾಂ ತುಪ್ಪಳವನ್ನು ನಾಲ್ಕು ಪದರವಾಗಿ, ಒಂದು ಅಡ್ಡ ಒಂದು ಉದ್ದ ಹಾಸಿ, ಮುಂದೆ ಹೇಳುವ ರೀತಿಯಲ್ಲೇ ಜಡೆಗಟ್ಟಿಸಿ. ಚೌಕ 13 ಸೆಂಟಿಮೀಟರಿಗೆ ಇಳಿದು, ಉಗುರಿನಿಂದ ಚಿವುಟಿ ಎಳೆದರೆ ಒಂದೆಳೆಯೂ ಏಳದಿದ್ದರೆ ಆ ಬೆರಕೆ ಹ್ಯಾಟಿಗೆ ಯೋಗ್ಯ. 16ಕ್ಕೇ ನಿಂತರೆ ಉಣ್ಣೆ ಹೆಚ್ಚಿಸಿ ಮತ್ತೊಂದು ತುಂಡು ಮಾಡಿ.

57 ಸೆಂಟಿಮೀಟರ್ ತಲೆ, 7 ಸೆಂಟಿಮೀಟರ್ ಅಂಚಿನ ಹ್ಯಾಟಿಗೆ ಒಟ್ಟು 110 ಗ್ರಾಂ ಬೇಕು: ಮೆರಿನೊ ಎಂಬ ತಳಿಯ ಕುರಿಯ ನವಿರು ಉಣ್ಣೆ 45, ಡೆಕ್ಕನಿ ಮರಿ ಉಣ್ಣೆ 35, ಅಂಗೋರಾ 30. ಒಂದೂವರೆ ಪಟ್ಟು ಕುಗ್ಗುವ ಲೆಕ್ಕ ಹಿಡಿದು ತೆಳು ಫೋಮ್ ಹಾಳೆಯಲ್ಲಿ ಗಂಟೆಯಾಕಾರದ ನಮೂನೆ ಕತ್ತರಿಸಿ. ಎತ್ತರ 40, ತಲೆಪಟ್ಟಿ ಬರುವಲ್ಲಿ ಅಗಲ 43, ಕೆಳಗೆ 63 ಸೆಂಟಿಮೀಟರ್. ನಮೂನೆಗೆ ತಾಗಿದ ಪದರವೇ ಕೊನೆಗೆ ಹ್ಯಾಟಿನ ಒಳಮೈ. ಆದ್ದರಿಂದ ಮೊದಲ ಪದರ ಬರೀ ಮೆರಿನೊ, ಎರಡೂ ಮಗ್ಗುಲು ಸೇರಿ 20 ಗ್ರಾಂ. ಎರಡನೆಯ, ಮೂರನೆಯ ಪದರಗಳು ಡೆಕ್ಕನಿ 35, ಮೆರಿನೊ 15 ಬೆರೆಸಿ ಹಿಂಜಿದ್ದು. ಹ್ಯಾಟು ನೆಟ್ಟಗೆ ನಿಲ್ಲುವುದು ಇವುಗಳ ಬಲದಿಂದ. ಕೊನೆಯ ಪದರಕ್ಕೆ ಅಂಗೋರಾ 30, ಮೆರಿನೊ 10. ಪ್ರತಿ ಪದರವನ್ನೂ ನಮೂನೆಯಿಂದ 3 ಸೆಂಟಿಮೀಟರ್ ಆಚೆಗೆ ಹಾಸಿ, ಒದ್ದೆ ಮಾಡಿ, ತಿರುವಿ ಹಾಕಿ, ಹೊರಬಂದದ್ದನ್ನು ಇನ್ನೊಂದು ಮಗ್ಗುಲಿಗೆ ಮಡಚಿ. ಕೆಳಗಿನ ಅಂಚನ್ನು ಮಾತ್ರ ಮಡಚಬಾರದು, ಅದು ಹ್ಯಾಟಿನ ಬಾಯಿ.

ನೀರಿನ ವಿಷಯದಲ್ಲಿ ನಮ್ಮ ಕಡೆ ತುಸು ಹುಷಾರು ಬೇಕು. ಗದಗಿನ ಬೋರಿನ ಗಡಸು ನೀರಿಗೆ ಸಾಬೂನು ಹಾಕಿದರೆ ನೊರೆಯ ಬದಲು ಬಿಳಿ ಗಸಿ ಏಳುತ್ತದೆ. ಆ ಗಸಿ ಎಳೆಗಳ ಮೇಲೆ ಕೂತು ಹುರುಪೆಗಳ ಬಾಯಿ ಮುಚ್ಚುತ್ತದೆ. ಎಷ್ಟು ಉರುಳಿಸಿದರೂ ಫೆಲ್ಟ್ ಕುಗ್ಗುವುದಿಲ್ಲ, ಒಣಗಿದ ಮೇಲೆ ಬೂದಿ ಉದುರುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದೇ ಎಲ್ಲಕ್ಕಿಂತ ಮೇಲು. ಇಲ್ಲವಾದರೆ ಸಾಬೂನು ಬಿಟ್ಟು ಅಂಟುವಾಳ ಹಿಡಿಯಿರಿ. ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು 2 ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಒಂದು ಹ್ಯಾಟಿಗೆ ಸಾಕು. ಗಡಸು ನೀರಿನಲ್ಲೂ ಅದು ಗಸಿಯಾಗುವುದಿಲ್ಲ. ಬಿಳಿ ಅಂಗೋರಾಕ್ಕೆ ಮಾತ್ರ ತಿಳಿ ಕಂದು ಛಾಯೆ ಬರುತ್ತದೆ.

ಮೊದಲ ನೀರು ಉಗುರು ಬೆಚ್ಚಗಿರಲಿ. ಹಾಸಿದ್ದರ ಮೇಲೆ ಸೊಳ್ಳೆಪರದೆಯ ತುಂಡು ಹೊದಿಸಿ, ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ, ಆಮೇಲೆ ಸಣ್ಣ ಸುತ್ತಿನಲ್ಲಿ ಸವರಿ. ಹತ್ತು ನಿಮಿಷ ಬರೀ ಸವರುವುದೇ. ಪರದೆ ಎತ್ತುವಾಗ ಎಳೆಗಳು ಅದರ ಜೊತೆ ಏಳದಿದ್ದಾಗ ಬಿದಿರಿನ ಚಾಪೆಯಲ್ಲಿ ಸುತ್ತಿ ಉರುಳಿಸಲು ಶುರು ಮಾಡಿ. ಯಾವ ದಿಕ್ಕಿಗೆ ಉರುಳಿಸುತ್ತೀರೋ ಆ ದಿಕ್ಕಿಗೇ ಕುಗ್ಗುತ್ತದೆ. ಹೀಗಾಗಿ ನಾಲ್ಕೂ ಕಡೆಯಿಂದ ನೂರು ನೂರು ಸಲ, ಎಣಿಸಿಯೇ ಉರುಳಿಸಬೇಕು. ನಮೂನೆ ಒಳಗೆ ಮುದುಡಲು ಶುರುವಾದರೆ ಹೊರಗೆ ತೆಗೆಯಿರಿ, ಅಂಚಿನ ಗೆರೆಗಳನ್ನು ಬೆರಳಿನಿಂದ ಉಜ್ಜಿ ಅಳಿಸಿ. ಈ ಹಂತದಲ್ಲಿ ಉಳಿದ ಏಣು ಕೊನೆಯವರೆಗೂ ಹ್ಯಾಟಿನ ನೆತ್ತಿಯ ಮೇಲೆ ಹೊಲಿಗೆಯಂತೆ ಕಾಣುತ್ತದೆ, ಅಚ್ಚಿಗೆ ಹಾಕಿದ ಮೇಲೆ ಯಾವ ಇಸ್ತ್ರಿಗೂ ಹೋಗುವುದಿಲ್ಲ.

ಮೊಲದ ತುಪ್ಪಳ ಪೂರ್ತಿ ಬಿಗಿಯಾಗುವುದು ಹುಳಿ ನೀರಿನಲ್ಲಿ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಲೀಟರಿಗೆ 5 ಗ್ರಾಂ ಹಾಕಿ ನೀರನ್ನು 70 ಡಿಗ್ರಿಯವರೆಗೆ ಕಾಯಿಸಿ, ದಪ್ಪ ರಬ್ಬರ್ ಗ್ಲೌಸ್ ತೊಟ್ಟು ಅದ್ದಿ ಅದ್ದಿ ಉರುಳಿಸಿ. ಸಾಬೂನು ಬಳಸಿದ್ದರೆ ಹುಳಿಗೆ ಹಾಕುವ ಮೊದಲು ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ಹುಳಿ ತಾಗಿದ ಸಾಬೂನು ಒಡೆದು ಜಿಡ್ಡಾಗಿ ಫೆಲ್ಟಿನೊಳಗೇ ಕೂರುತ್ತದೆ. ತಲೆಪಟ್ಟಿಯ ಅಗಲ 43ರಿಂದ 28ಕ್ಕೆ ಬಂದಾಗ ನಿಲ್ಲಿಸಿ.

ಅತಿ ಹೆಚ್ಚು ಕೆಡುವುದು ತುಪ್ಪಳದ ಮೇಲ್ಪದರ. ಕಾದ ಹಾಲಿನ ಕೆನೆಯಂತೆ ಇಡಿಯಾಗಿ ಸುಲಿದು ಬರುತ್ತದೆ. ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಕೆಳಗಿನ ಉಣ್ಣೆ ಆಗಲೇ ಜಡೆಗಟ್ಟಿದ ಮೇಲೆ ತುಪ್ಪಳ ಹಾಸಿರುತ್ತಾರೆ, ಇಲ್ಲವೇ ಮೊದಲ ನೀರೇ ಸುಡುವಷ್ಟು ಬಿಸಿಯಿರುತ್ತದೆ. ಎರಡರಲ್ಲೂ ಕೆಳಗಿನ ಪದರ ಬಾಗಿಲು ಮುಚ್ಚಿಕೊಂಡಿರುತ್ತದೆ, ಮೇಲಿನ ಎಳೆ ಒಳಗೆ ಇಳಿಯಲು ದಾರಿಯಿರುವುದಿಲ್ಲ. ಅಂಗೋರಾದಲ್ಲಿ ಕಾಲು ಭಾಗ ಮೆರಿನೊ ಬೆರೆಸಲು ಹೇಳಿದ್ದು ಇದಕ್ಕೇ. ನುಣುಪಾದ ಎಳೆಯನ್ನು ಅದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗುತ್ತದೆ. ಸುಲಿದದ್ದನ್ನು ಅಂಟಿಸುವ ಉಪಾಯವಿಲ್ಲ. ಇನ್ನೊಂದು, ನೆತ್ತಿಯಲ್ಲಿ ತೆಳುವಾಗುವುದು. ಒದ್ದೆ ಫೆಲ್ಟನ್ನು ಬಲ್ಬಿನ ಎದುರು ಹಿಡಿದರೆ ತೆಳು ಜಾಗ ಬೆಳಗುತ್ತದೆ. ಉರುಳಿಸುವ ಮೊದಲು ಕಂಡರೆ ಚಿಟಿಕೆ ಉಣ್ಣೆ ಇಟ್ಟು ಸರಿಮಾಡಬಹುದು, ಆಮೇಲೆ ಆಗದು.

ಅಚ್ಚನ್ನು ಬಡಿಗ್ಯಾರ ಕೈಲಿ ಮಾಡಿಸಿಕೊಳ್ಳಿ. ತಲೆ ದುಂಡಗಿಲ್ಲ, ಮೊಟ್ಟೆಯಾಕಾರ. ಗುಂಡಗೆ ಕಡೆದ ಅಚ್ಚಿನ ಹ್ಯಾಟು ಹಣೆ, ಹಿಂತಲೆಗೆ ಒತ್ತಿ ಕಿವಿಯ ಮೇಲೆ ಸಡಿಲಾಗುತ್ತದೆ. ಸಾಗುವಾನಿಯ ಬಣ್ಣ ಬಿಸಿ ಒದ್ದೆಗೆ ಬಿಟ್ಟುಕೊಳ್ಳುವುದರಿಂದ ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಬಿಸಿಯಾಗಿರುವಾಗಲೇ ಫೆಲ್ಟನ್ನು ಅಚ್ಚಿಗೆ ಎಳೆದು, ತಲೆಪಟ್ಟಿಯಲ್ಲಿ ದಾರ ಬಿಗಿದು, ಅಂಚನ್ನು ಉಗಿ ಹಿಡಿಯುತ್ತ ಸುತ್ತಲೂ ಸಮವಾಗಿ ಹಿಗ್ಗಿಸಿ. ನೆರಳಲ್ಲಿ ಒಣಗಲಿ. ಧಾರವಾಡದ ಜುಲೈನಲ್ಲಿ ಎರಡು ದಿನವೂ ಹಿಡಿಯಬಹುದು, ಅವಸರ ಮಾಡಿ ಅಚ್ಚಿನಿಂದ ತೆಗೆದರೆ ಅಂಚು ಹಪ್ಪಳದಂತೆ ಅಲೆಯೇಳುತ್ತದೆ.

ಅಂಚು ನಿಲ್ಲಲು ಅರಗು. 100 ಗ್ರಾಂ ಚಪಡಾ ಅರಗು (ಶೆಲ್ಯಾಕ್), 20 ಗ್ರಾಂ ಬಿಳಿಗಾರ (ಬೋರಾಕ್ಸ್), 1 ಲೀಟರ್ ಬಿಸಿ ನೀರು. ಅರಗು ಪೂರ್ತಿ ಕರಗುವವರೆಗೆ ಕಲಕಿ ಆರಿಸಿ, ಅಂಚಿನ ಅಡಿಗೆ ಮಾತ್ರ ಬ್ರಷ್ಷಿನಿಂದ ಒಂದು ಕೈ ಬಳಿಯಿರಿ. ದಪ್ಪ ಬಳಿದರೆ ಮೇಲ್ಮೈಗೆ ಇಂಗಿ ಹೊಳೆಯುವ ಕಲೆ ಏಳುತ್ತದೆ. ಕಂಬಳಿ ನೇಯುವವರು ಹಾಸಿನ ನೂಲಿಗೆ ಹಾಕುವ ಹುಣಸೆ ಬೀಜದ ಗಂಜಿಯನ್ನೇ ಇಲ್ಲೂ ಹಾಕಬಹುದಲ್ಲ ಎನಿಸೀತು. ನೂಲಿಗೆ ಅದು ತಕ್ಕದ್ದೇ. ಹ್ಯಾಟಿನಲ್ಲಿ ಮೊದಲ ಮಳೆಗೆ ಮೆತ್ತಗಾಗುತ್ತದೆ, ಕಪಾಟಿನಲ್ಲಿ ಹುಳ ಕರೆಯುತ್ತದೆ.

ಪೂರ್ತಿ ಒಣಗಿದ ಮೇಲೆ 220 ನಂಬರಿನ, ಆಮೇಲೆ 400ರ ಮರಳುಕಾಗದದಿಂದ ಒಂದೇ ದಿಕ್ಕಿಗೆ ಹಗುರವಾಗಿ ತೀಡಿ. ಎದ್ದ ಜೂಲು ಹೋಗಿ ಮೈ ಪೀಚ್ ಹಣ್ಣಿನ ಸಿಪ್ಪೆಯಂತಾಗುತ್ತದೆ. ಮುಂದೆ ಬ್ರಷ್ ಹಾಕುವುದೂ ಅದೇ ದಿಕ್ಕಿಗೆ. ಹ್ಯಾಟಿನ ಕಸುಬಿನಲ್ಲಿ ರೂಢಿ ಅಪ್ರದಕ್ಷಿಣೆ. ಇಡುವಾಗ ನೆತ್ತಿ ಕೆಳಗೆ, ಅಂಚು ಮೇಲೆ. ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದು ಒಂದು ದಿನ ಬಿಟ್ಟು ಮತ್ತೆ ಮೂರು ದಿನ ಇಡಿ. ನುಸಿಯ ಹುಳಗಳು ಸಾಯುತ್ತವೆ, ಚಳಿಗೆ ಉಳಿದು ಒಡೆದ ಮೊಟ್ಟೆಗಳು ಎರಡನೆಯ ಸಲಕ್ಕೆ ಹೋಗುತ್ತವೆ. ಚೀಲವನ್ನು ಬಿಚ್ಚುವುದು ಹ್ಯಾಟು ಕೋಣೆಯ ಶಾಖಕ್ಕೆ ಬಂದ ಮೇಲೆಯೇ, ಇಲ್ಲದಿದ್ದರೆ ಹೊರಗಿನ ತೇವವೆಲ್ಲ ತುಪ್ಪಳದ ಮೇಲೆ ಹನಿಯಾಗಿ ಕೂರುತ್ತದೆ.